ಕಾಣಿಸಿತೇ ಎಂದು ಕೇಳಬೇಡಿ

ಲಡಾಖಿನಿಂದ ವಾಪಸು ಬಂದ ಮರುದಿನವೇ ನಾನು ಶಾಲೆಗೆ ಹೋದೆ. ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಪೆನ್ನು ತೆಗೆದಿದ್ದೆ, ಅಷ್ಟರಲ್ಲಿ ಪ್ರಶ್ನೆ ಬಂತು: "ಏನ್ ಮೇಡಂ, ಕಾಣಿಸಿತಾ?" ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಮತ್ತೊಬ್ಬರು ಕೇಳಿದರು. ಸಂಜೆ ಹಾಲು ತರುವವಳು ಕೇಳಿದಳು. ರಾತ್ರಿ ಫೋನಿನಲ್ಲಿ ನನ್ನ ನಾದಿನಿ ಕೇಳಿದಳು. ಎಲ್ಲರಿಗೂ "ಇಲ್ಲ" ಎಂದೆ. ಬೇರೆಯವರು "ಅಯ್ಯೋ ಪಾಪ" ಎಂದು ಸುಮ್ಮನಾದರು. ನಾದಿನಿ ಸುಮ್ಮನಾಗುವ ಪೈಕಿಯಲ್ಲ. "ಅಷ್ಟು ದುಡ್ಡು ಸುರಿದು, ಆ ಚಳಿಯಲ್ಲಿ ಸಾಯೋ ಹಾಗೆ ಹೋಗಿ, ಕಾಣಲೇ ಇಲ್ವಾ ಅತ್ತಿಗೆ? ಅದರ ಬದಲು ಇಲ್ಲೇ ಸೋಫಾದಲ್ಲಿ ಕೂತು ಟಿ.ವಿ.ಯಲ್ಲಿ ನೋಡಬಹುದಿತ್ತು. ಎಷ್ಟು ಚೆನ್ನಾಗಿ ತೋರಿಸ್ತಾರೆ!" ಎಂದಳು.

ನನ್ನ ತಕರಾರೆಲ್ಲ ಈ ಕೊನೆಯ ಮಾತಿನ ಮೇಲೆಯೇ. ಚೆನ್ನಾಗಿ ತೋರಿಸುತ್ತಾರೆ, ನಿಜ. ಏನನ್ನು ತೋರಿಸುವುದಿಲ್ಲ ಎನ್ನುವುದನ್ನು ನಾವು ಯಾರೂ ಕೇಳುವುದಿಲ್ಲ. ನಾನೂ ಕೇಳಿದವಳಲ್ಲ, ಅಲ್ಲಿಗೆ ಹೋಗಿ ಬರುವ ತನಕ.

ಮೊದಲು ನಾನು ಅಲ್ಲಿಗೆ ಹೋದದ್ದು ಹೇಗೆಂದು ಹೇಳಬೇಕು. ಕಾಡು ನೋಡುವ ಹುಚ್ಚು ನನಗಿಲ್ಲ. ಹುಚ್ಚು ನನ್ನ ಮಗಳದು. ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಹಿಡಿದು, ಎರಡು ವರ್ಷಕ್ಕೆ ಅದನ್ನು ಬಿಟ್ಟು, ವನ್ಯಜೀವಿಗಳ ಚಿತ್ರ ತೆಗೆಯುವ ಒಂದು ತಂಡದಲ್ಲಿ ಕ್ಯಾಮೆರಾ ಸಹಾಯಕಿಯಾಗಿ ಸೇರಿಕೊಂಡಳು. ಬಂದ ಗಂಡುಗಳ ಜಾತಕವೆಲ್ಲ ಬೀರುವಿನಲ್ಲಿ ಉಳಿದವು. 2024ರ ಫೆಬ್ರವರಿಯಲ್ಲಿ ಅವಳ ತಂಡ ಹಿಮಚಿರತೆಯನ್ನು ಹುಡುಕಿಕೊಂಡು ಲಡಾಖಿಗೆ ಹೊರಟಿತು. ರಾತ್ರಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ, ತಂಡದಲ್ಲಿ ಇವಳೊಬ್ಬಳೇ ಹುಡುಗಿ. "ನಾನೂ ಬರ್ತೀನಿ" ಎಂದೆ. ಅವಳು ನಕ್ಕಳು, ಆಮೇಲೆ ಸಿಟ್ಟಾದಳು, ಕೊನೆಗೆ "ನಿನ್ನ ಖರ್ಚು ನಿನ್ನದು, ಬೇರೆ ಮನೆಯಲ್ಲಿ ಉಳ್ಕೋಬೇಕು, ಶೂಟಿಂಗ್ ಹತ್ತಿರ ಬರಬಾರದು" ಎಂಬ ಮೂರು ಷರತ್ತು ಹಾಕಿದಳು. ಪರೀಕ್ಷೆ ಹತ್ತಿರ ಬಂದಾಗ ಗಳಿಕೆ ರಜೆ ಕೇಳಿದ್ದಕ್ಕೆ ನಮ್ಮ ಹೆಡ್‌ಮೇಷ್ಟ್ರು ಗೊಣಗಿದರು. ಅವರದೇನೂ ತಪ್ಪಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ಬಾಣಂತನಕ್ಕೆ ಬಿಟ್ಟರೆ ನಾನು ಒಟ್ಟಿಗೆ ಅಷ್ಟು ದಿನ ರಜೆ ಹಾಕಿದ್ದು ಅದೇ ಮೊದಲು.

ಲೇಹ್ ಪಟ್ಟಣವೇ ಸಮುದ್ರ ಮಟ್ಟದಿಂದ 3,500 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಹತ್ತಿರ ಹತ್ತಿರ ಅಷ್ಟೇ ಎತ್ತರವಾದೀತು. ಅಲ್ಲಿ ಇಳಿದ ಮೇಲೆ ಮೂರು ದಿನ ಸುಮ್ಮನೆ ಮಲಗಬೇಕು, ಇಲ್ಲದಿದ್ದರೆ ತಲೆನೋವು, ವಾಂತಿ, ಉಸಿರು ಕಟ್ಟುವುದು. ಮೂರು ದಿನ ಮಲಗಿದೆ. ಮದುವೆಯಾದ ಮೇಲೆ ಕಾಯಿಲೆಯಿಲ್ಲದೆ ಹಾಗೆ ಮಲಗಿದ್ದು ನನಗೆ ನೆನಪಿಲ್ಲ. ಆಮೇಲೆ ಹೆಮಿಸ್ ರಾಷ್ಟ್ರೀಯ ಉದ್ಯಾನದ ಒಳಗಿನ ಒಂದು ಹಳ್ಳಿ. 1981ರಲ್ಲಿ ಸ್ಥಾಪನೆಯಾದ ಈ ಉದ್ಯಾನ ನಮ್ಮ ದೇಶದಲ್ಲೇ ದೊಡ್ಡದು. ಉದ್ಯಾನ ಎಂದರೆ ಮರಗಿಡ ಎಂದುಕೊಳ್ಳಬೇಡಿ. ಬೋಳು ಬಂಡೆ, ಮಣ್ಣು, ಹಿಮ, ಹಳ್ಳದ ಪಕ್ಕದಲ್ಲಿ ನಾಲ್ಕು ಒಣ ವಿಲೋ ಗಿಡ. ಹಳ್ಳಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಮುಂದಿನ ಫೆಬ್ರವರಿಗೆ ನಿಮ್ಮಲ್ಲಿ ನಾಲ್ಕು ಜನ ಹೊರಟೇ ಬಿಡುತ್ತೀರಿ, ಬಂದು ನನ್ನನ್ನೇ ಬಯ್ಯುತ್ತೀರಿ.

ಹಿಮಚಿರತೆಯನ್ನು ಚಳಿಗಾಲದಲ್ಲೇ ಯಾಕೆ ಹುಡುಕುತ್ತಾರೆ ಎಂಬುದಕ್ಕೆ ಕಾರಣವಿದೆ. ಮೇಲಿನ ಬೆಟ್ಟಗಳೆಲ್ಲ ಹಿಮದಲ್ಲಿ ಮುಚ್ಚಿಹೋದಾಗ ನೀಲಿಕುರಿ, ಐಬೆಕ್ಸ್ ಎಂಬ ಕಾಡುಮೇಕೆ ಇವೆಲ್ಲ ಮೇವು ಹುಡುಕಿ ಕೆಳಗಿನ ಕಣಿವೆಗೆ ಇಳಿಯುತ್ತವೆ. ಅವುಗಳ ಬೆನ್ನಿಗೆ ಹಿಮಚಿರತೆಯೂ ಇಳಿಯುತ್ತದೆ. ಜನವರಿಯಿಂದ ಮಾರ್ಚಿನವರೆಗೆ ಅವುಗಳ ಜೊತೆಗೂಡುವ ಕಾಲ. ಗಂಡು ಹೆಣ್ಣು ಒಂದನ್ನೊಂದು ಕರೆಯುತ್ತವೆ, ಬಂಡೆಗಳಿಗೆ ಮೂತ್ರ ಚಿಮ್ಮಿಸಿ ಗುರುತು ಹಾಕುತ್ತವೆ, ಹಿಂಗಾಲಿನಿಂದ ನೆಲ ಕೆರೆಯುತ್ತವೆ. ಹಿಮದ ಮೇಲೆ ಹೆಜ್ಜೆ ಮೂಡುತ್ತದೆ. ವರ್ಷವಿಡೀ ಅಡಗಿರುವ ಪ್ರಾಣಿ ತನ್ನ ವಿಳಾಸವನ್ನು ಅಷ್ಟಿಷ್ಟು ಬಿಟ್ಟುಕೊಡುವುದು ಆಗಲೇ.

ಹುಡುಕುವ ಕೆಲಸ ನೋಡಬೇಕು ನೀವು. ನಸುಕಿನಲ್ಲಿ ಊರಿನ ಇಬ್ಬರು ಗಂಡಸರು ದೂರದರ್ಶಕವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ಎದುರಿನ ಬೆಟ್ಟದ ಏಣುಗಳನ್ನು ಅಕ್ಕಿ ಆರಿಸಿದ ಹಾಗೆ ಆರಿಸುತ್ತಾರೆ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಬೂದು ಬಂಡೆಯ ಮೇಲೆ ಬೂದು ಮೈ, ಅದರ ಮೇಲೆ ಮಸಿಯ ಉಂಗುರಗಳು. ಅದು ಬಾಲ ಅಲ್ಲಾಡಿಸಿದರೆ ಮಾತ್ರ ಪ್ರಾಣಿ, ಇಲ್ಲದಿದ್ದರೆ ಕಲ್ಲು. ಆ ಬಾಲವೋ ಹತ್ತಿರ ಹತ್ತಿರ ಒಂದು ಮೀಟರ್ ಉದ್ದ. ಮಲಗಿದಾಗ ಅದನ್ನೇ ಮುಖಕ್ಕೆ ಶಾಲಿನಂತೆ ಸುತ್ತಿಕೊಳ್ಳುತ್ತದಂತೆ. ಚಿತ್ರ ತೆಗೆಯುವವರು ಬ್ಯಾಟರಿಗಳನ್ನು ಸ್ವೆಟರಿನೊಳಗೆ ಎದೆಗೆ ಕಟ್ಟಿಕೊಂಡಿರುತ್ತಾರೆ, ಚಳಿಗೆ ಅದರ ಜೀವ ಬೇಗ ಹೋಗುತ್ತದೆ. ಕ್ಯಾಮೆರಾವನ್ನು ಬೆಚ್ಚಗಿನ ಕೋಣೆಗೆ ತಂದರೆ ಗಾಜಿನ ಮೇಲೆಲ್ಲ ನೀರು ಕಟ್ಟುತ್ತದೆ, ಆದ್ದರಿಂದ ಅದಕ್ಕೆ ಹೊರಗಿನ ಚಳಿಯಲ್ಲೇ ವಾಸ. ಪ್ರಾಣಿ ಓಡಾಡುವ ದಾರಿಯಲ್ಲಿ ತಾನೇ ಚಿತ್ರ ಹಿಡಿಯುವ ಕ್ಯಾಮೆರಾಗಳನ್ನು ಕಲ್ಲುಗಳ ನಡುವೆ ಇಟ್ಟು ಬರುತ್ತಾರೆ. ಬಿಸಿ ಮೈಯೊಂದು ಎದುರು ಹಾದರೆ ಅದು ಕಣ್ಣು ತೆರೆಯುತ್ತದೆ. ಮಗಳು ಬೆನ್ನ ಮೇಲೆ ಹದಿನೈದು ಕಿಲೋ ಹೊತ್ತು ಹಿಮದಲ್ಲಿ ಏರುವುದನ್ನು ಮನೆಯ ಮಾಳಿಗೆಯ ಮೇಲೆ ನಿಂತು ನೋಡಿದೆ. ಅವಳ ಬಗ್ಗೆ ನಾನು ನೆಂಟರ ಮುಂದೆ ಆಡಿದ ಕೆಲವು ಮಾತುಗಳನ್ನು ಅಲ್ಲೇ ವಾಪಸು ತೆಗೆದುಕೊಂಡೆ. ಆದ್ದರಿಂದ ಈ ಲೇಖನ ಚಿತ್ರ ತೆಗೆಯುವವರು ಸೋಮಾರಿಗಳೆಂದು ಹೇಳಲು ಹೊರಟದ್ದಲ್ಲ. ಅವರ ಕಷ್ಟವೇ ಕಷ್ಟ.

ನಾನು ಉಳಿದದ್ದು ಒಬ್ಬ ಆಮಾ-ಲೇಯ ಮನೆಯಲ್ಲಿ. ಆಮಾ ಎಂದರೆ ಅಮ್ಮ, ಲೇ ಎಂದರೆ ನಮ್ಮ 'ಅವರು' ಇದ್ದ ಹಾಗೆ, ಗೌರವಕ್ಕೆ. ಅವರಿಗೆ ಅರವತ್ತು ದಾಟಿರಬಹುದು. ನನ್ನನ್ನು ಅವರ ಸೊಸೆ "ಆಚೆ-ಲೇ" ಎಂದು ಕರೆದಳು, ಅಕ್ಕ ಎಂದರ್ಥ. ಭಾಷೆಯ ಕಷ್ಟ ಅಷ್ಟಾಗಿ ಆಗಲಿಲ್ಲ. ನಾನು ಹಿಂದಿ ಪ್ರಚಾರ ಸಭೆಯ 'ರಾಷ್ಟ್ರಭಾಷಾ' ಪಾಸು ಮಾಡಿದ ಹಿಂದಿ ಆಡಿದರೆ ಸೊಸೆ ಬಾಯಿಗೆ ಸೆರಗಿಲ್ಲದ್ದಕ್ಕೆ ಅಂಗೈ ಅಡ್ಡ ಹಿಡಿದು ನಗುತ್ತಿದ್ದಳು, ಆಮೇಲೆ ಅತ್ತೆಗೆ ಹೇಳುತ್ತಿದ್ದಳು. ಅಡಿಗೆಮನೆಯೇ ಮನೆಯ ಹೃದಯ. ಮಧ್ಯದಲ್ಲಿ ಕಬ್ಬಿಣದ ಒಲೆ, ಅದಕ್ಕೆ ಬೆರಣಿ. ಗೋಡೆಯುದ್ದಕ್ಕೂ ಬೆಳಗಿದ ತಾಮ್ರ ಹಿತ್ತಾಳೆ ಪಾತ್ರೆಗಳ ಸಾಲು. ಅದನ್ನು ನೋಡಿದಾಗ ನನಗೆ ನಮ್ಮ ಅಜ್ಜಿಯ ಮನೆಯೇ ಕಣ್ಣಿಗೆ ಕಟ್ಟಿತು. ಬೆಣ್ಣೆ, ಉಪ್ಪು ಹಾಕಿದ ಚಹಾ ಮೊದಲ ದಿನ ಗಂಟಲಿಗೆ ಇಳಿಯಲಿಲ್ಲ. ಚಹಾ ಎಂದುಕೊಳ್ಳದೆ ಸಾರು ಎಂದುಕೊಂಡ ಮೇಲೆ ಇಳಿಯಿತು. ಐದು ಗಂಟೆಗೆ ಎದ್ದು ಹಿಮ ಕಾಯಿಸಿ ನೀರು ಮಾಡುವುದು, ಖಂಬೀರ್ ಎಂಬ ದಪ್ಪ ರೊಟ್ಟಿ ಸುಡುವುದು, ಬೆಟ್ಟಕ್ಕೆ ಹೋದವರಿಗೆ ಬುತ್ತಿ ಕಟ್ಟುವುದು, ಕುರಿಮೇಕೆಗಳಿಗೆ ಒಣಹುಲ್ಲು ಹಾಕುವುದು, ಇಷ್ಟೂ ಆ ಅತ್ತೆ ಸೊಸೆಯರದು. ಕ್ಯಾಮೆರಾ ತಂಡದವರು ತಿಂದದ್ದೂ ಈ ಹಳ್ಳಿಯ ಹೆಂಗಸರ ಕೈಯಡಿಗೆಯೇ.

ಐದನೆಯ ದಿನ ಮಧ್ಯಾಹ್ನ ಹಿಮಚಿರತೆ ಕಾಣಿಸಿತು. ಎಲ್ಲರಿಗೂ. ನನಗಲ್ಲ. ನಾನು ಆಗ ಅಡಿಗೆಮನೆಯಲ್ಲಿ ಆಮಾ-ಲೇಯ ಜೊತೆ ಹಿಟ್ಟು ನಾದುತ್ತಿದ್ದೆ. ಹೊರಗೆ ಕೂಗು ಕೇಳಿಸಿತು, ಹುಡುಗನೊಬ್ಬ ಓಡಿಬಂದು "ಶಾನ್! ಶಾನ್!" ಎಂದ. ಅಲ್ಲಿ ಹಿಮಚಿರತೆಗೆ ಅದೇ ಹೆಸರು. ನಾನು ಕೈ ತೊಳೆದು, ಮೇಲಂಗಿ ಹಾಕಿ, ಶೂ ಕಟ್ಟಿಕೊಂಡು, ಏದುಸಿರು ಬಿಡುತ್ತ ಏರು ಹತ್ತುವಷ್ಟರಲ್ಲಿ ಅದು ಏಣು ದಾಟಿ ಆಚೆ ಹೋಗಿಬಿಟ್ಟಿತ್ತು. ನಾಲ್ಕು ನಿಮಿಷ ಇತ್ತಂತೆ. ಮಗಳು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. ನಾನು ಕೆಳಗಿಳಿದು ಬಂದರೆ ಆಮಾ-ಲೇ ಅದೇ ಜಾಗದಲ್ಲಿ ಕೂತು ಹಿಟ್ಟಿನ ಉಂಡೆ ಮಾಡುತ್ತಿದ್ದರು. "ನೀವು ಯಾಕೆ ಬರಲಿಲ್ಲ?" ಎಂದು ಕೇಳಿದೆ. ಅವರು ಸೊಸೆಗೆ ಏನೋ ಹೇಳಿದರು. ಸೊಸೆ ಹಿಂದಿಯಲ್ಲಿ ಹೇಳಿದಳು: "ಅತ್ತೆ ಅದನ್ನು ಹತ್ತಿರದಿಂದ ನೋಡಿದ್ದಾರೆ. ನಮ್ಮ ಕೊಟ್ಟಿಗೆಯೊಳಗೆ."

ಆಮೇಲೆ ವಿಷಯ ಗೊತ್ತಾಯಿತು. ಹತ್ತಾರು ವರ್ಷದ ಹಿಂದೆ ಒಂದು ಚಳಿಗಾಲದ ರಾತ್ರಿ ಅದು ಕೊಟ್ಟಿಗೆಯ ಮಾಳಿಗೆಯಲ್ಲಿದ್ದ ಕಿಂಡಿಯಿಂದ ಒಳಗೆ ಹಾರಿತ್ತು. ಬೆಟ್ಟದಲ್ಲಾದರೆ ಅದು ಒಂದನ್ನು ಹಿಡಿದರೆ ಉಳಿದವು ಓಡಿಹೋಗುತ್ತವೆ, ಅಲ್ಲಿಗೆ ಮುಗಿಯಿತು. ಕೊಟ್ಟಿಗೆಯಲ್ಲಿ ಓಡಲು ಜಾಗವಿಲ್ಲ. ಕುರಿಗಳು ಗಾಬರಿಯಿಂದ ಸುತ್ತಿದಂತೆಲ್ಲ ಅದು ಹೊಡೆಯುತ್ತ ಹೋಗುತ್ತದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಹನ್ನೊಂದು ಸತ್ತು ಬಿದ್ದಿದ್ದವು, ಇನ್ನೂ ಒಳಗೇ ಇದ್ದ ಅದು ಮೂಲೆಯಲ್ಲಿ ರಕ್ತ ಮೆತ್ತಿದ ಮುಖ ಎತ್ತಿ ಆಮಾ-ಲೇಯನ್ನು ನೋಡಿತಂತೆ. ಊರವರು ಕಲ್ಲು, ದೊಣ್ಣೆ ಹಿಡಿದು ಬಂದರು. ಹಿಂದಿನ ಕಾಲವಾಗಿದ್ದರೆ ಅದರ ಕಥೆ ಅಲ್ಲೇ ಮುಗಿಯುತ್ತಿತ್ತು. ಆಮಾ-ಲೇ ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ನಿಂತರು. ಅದು ಅವರ ಮೊಣಕಾಲಿಗೆ ತಾಗಿದಂತೆ ಹೊರಗೆ ಹೋಯಿತು. "ಆ ವರ್ಷ ಉಣ್ಣೆ ಇಲ್ಲ, ಬೆಣ್ಣೆ ಇಲ್ಲ" ಎಂದಳು ಸೊಸೆ. ಅಷ್ಟೇ. ಅದಕ್ಕಿಂತ ಹೆಚ್ಚು ಅವರಿಬ್ಬರೂ ಹೇಳಲಿಲ್ಲ.

ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಅಜ್ಜಿಯ ಕೊಟ್ಟಿಗೆಯಿಂದಲೂ ಚಿರತೆ ಒಂದು ಕರುವನ್ನು ಎಳೆದುಕೊಂಡು ಹೋಗಿತ್ತು. ಅಜ್ಜಿ ಎರಡು ದಿನ ಊಟ ಮಾಡಲಿಲ್ಲ. ತಾಯಿ ಹಸು ಹಾಲು ಕೊಡದೆ ಹೋಯಿತು. ಮನೆಯಲ್ಲಿ ಆಗ ಎಂಟು ಮಕ್ಕಳು. ಕಾಡುಪ್ರಾಣಿಯೊಂದಿಗೆ ಬಾಳುವುದು ಎಂದರೆ ಏನೆಂದು ಅಜ್ಜಿಗೆ ಗೊತ್ತಿತ್ತು, ಆಮಾ-ಲೇಗೆ ಗೊತ್ತಿದೆ. ಟಿ.ವಿ.ಯ ಮುಂದೆ ಕೂತ ನನಗೆ, ನನ್ನ ನಾದಿನಿಗೆ ಗೊತ್ತಿಲ್ಲ.

ಈಗ ಚಿತ್ರದ ವಿಷಯಕ್ಕೆ ಬರುತ್ತೇನೆ. ಆ ತಂಡ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ದಿನ ಇತ್ತು. ನಾನು ಎಂಟು ದಿನಕ್ಕೆ ಹಿಂದಿರುಗಿದೆ. ಕೆಲವು ತಿಂಗಳ ಮೇಲೆ ಸಿದ್ಧವಾದ ಚಿತ್ರವನ್ನು ಮಗಳು ತಂದು ತೋರಿಸಿದಳು. ಒಟ್ಟು ಹನ್ನೆರಡು ನಿಮಿಷ. ಎಷ್ಟು ಸುಂದರ ಎಂದರೆ, ಸುಳ್ಳು ಹೇಳಬಾರದು, ನಾನೂ ಉಸಿರು ಬಿಗಿಹಿಡಿದೆ. ಹಿಮ ಬೀಳುತ್ತಿದೆ, ಗಂಭೀರ ಸಂಗೀತ, ಬಂಡೆಯೊಂದು ಎದ್ದು ಹಿಮಚಿರತೆಯಾಗುತ್ತದೆ. ಮನುಷ್ಯನ ಸುಳಿವೇ ಇಲ್ಲದ ಕಾಡು ಎಂದು ಹಿನ್ನೆಲೆಯ ಧ್ವನಿ ಹೇಳುತ್ತದೆ. ನಾನು ಅಲ್ಲಿಯೇ ನಿಲ್ಲಿಸು ಎಂದೆ. "ಈ ಬೆಟ್ಟದ ಕೆಳಗೇ ಅಲ್ಲವೇನೇ ಆಮಾ-ಲೇಯ ಮನೆ?" ಎಂದೆ. "ಹೌದು." "ಅವರ ಕೊಟ್ಟಿಗೆ ಎಲ್ಲಿ?" "ತೆಗೆದಿದ್ವಿ ಅಮ್ಮಾ, ಎಡಿಟಿಂಗ್‌ನಲ್ಲಿ ಹೋಯಿತು." "ದೂರದರ್ಶಕದಲ್ಲಿ ಹುಡುಕಿಕೊಟ್ಟ ಆ ಇಬ್ಬರು?" "ಅವರ ಹೆಸರು ಕೊನೇಲಿ ಬರುತ್ತೆ." ಕೊನೆಯಲ್ಲಿ ಬಂತು, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ನಾನು ಕನ್ನಡಕ ಹಾಕುವಷ್ಟರಲ್ಲಿ ಹೋಯಿತು. ಆಮಾ-ಲೇಯ ಹೆಸರು ಅದರಲ್ಲೂ ಇರಲಿಲ್ಲ. ಆ ರಾತ್ರಿ ತಾಯಿ ಮಗಳಿಗೆ ಜಗಳವಾಯಿತು. "ಎಡಿಟಿಂಗ್ ನನ್ನ ಕೈಯಲ್ಲಿದೆಯಾ? ಜನಕ್ಕೆ ಪ್ರಾಣಿ ಬೇಕು, ಅಡಿಗೆಮನೆ ಯಾರಿಗೆ ಬೇಕು?" ಎಂದು ಅವಳು ಅತ್ತಳು. ಅವಳ ಮಾತಿನಲ್ಲಿ ನಿಜವಿತ್ತು. ಅವಳು ಹೇಳಿದ ಆ ಜನ ಎಂದರೆ ನಾವೇ.

ಇದು ಆ ಒಂದು ತಂಡದ ತಪ್ಪಲ್ಲ. ಹಿಮಚಿರತೆಯ ಚಿತ್ರಗಳ ಚರಿತ್ರೆಯನ್ನೇ ನೋಡಿ. ಕಾಡಿನಲ್ಲಿ ಅದರ ಮೊದಲ ಫೋಟೋಗಳನ್ನು ತೆಗೆದವರು ಜಾರ್ಜ್ ಶಾಲರ್ ಎಂಬ ವಿಜ್ಞಾನಿ, 1970ರ ಚಳಿಗಾಲದಲ್ಲಿ, ಪಾಕಿಸ್ತಾನದ ಚಿತ್ರಾಲ್‌ನಲ್ಲಿ. ಅದನ್ನು ಸೆಳೆಯಲು ಮೇಕೆಗಳನ್ನು ಕಟ್ಟಿದ್ದನ್ನು ಅವರು ಮುಚ್ಚಿಡದೆ ಬರೆದುಕೊಂಡಿದ್ದಾರೆ. ಅವರೊಂದಿಗೆ 1973ರಲ್ಲಿ ನೇಪಾಳದ ದೋಲ್ಪೊಗೆ ಹೋದ ಪೀಟರ್ ಮ್ಯಾಥಿಸನ್ ಹಿಮಚಿರತೆಯನ್ನು ಕಾಣದೆಯೇ ಹಿಂದಿರುಗಿದರು. ಅದೇ ಯಾತ್ರೆಯ ಬಗ್ಗೆ 1978ರಲ್ಲಿ ಅವರ ಪುಸ್ತಕ ಬಂತು, ಹೆಸರು 'ದ ಸ್ನೋ ಲೆಪರ್ಡ್' ಎಂದೇ. ಕಾಣಲಿಲ್ಲ ಎಂದು ನಾಚಿಕೆಯಿಲ್ಲದೆ ಹೇಳಬಹುದಾದ ಕಾಲ ಅದು. 2006ರಲ್ಲಿ ಬಿಬಿಸಿಯವರ 'ಪ್ಲಾನೆಟ್ ಅರ್ತ್' ಬಂತು. ಚಿತ್ರಾಲ್‌ನ ಕಡಿದಾದ ಬಂಡೆಗಳ ಮೇಲೆ ಹಿಮಚಿರತೆ ಮಾರ್ಖೋರ್ ಎಂಬ ಮೇಕೆಯನ್ನು ಅಟ್ಟಿಸಿಕೊಂಡು ಇಳಿಯುವ ದೃಶ್ಯವನ್ನು ಲೋಕವೆಲ್ಲ ಬಾಯಿಬಿಟ್ಟು ನೋಡಿತು. 2008ರಲ್ಲಿ ಲಡಾಖಿನ ಹಿಮಪಾತದಲ್ಲಿ ಸ್ಟೀವ್ ವಿಂಟರ್ ಅವರ ತಾನೇ ಚಿತ್ರ ಹಿಡಿಯುವ ಕ್ಯಾಮೆರಾಕ್ಕೆ ಸಿಕ್ಕ ಫೋಟೋ ವರ್ಷದ ವನ್ಯಜೀವಿ ಚಿತ್ರವೆಂದು ಬಹುಮಾನ ಪಡೆಯಿತು. 2016ರ 'ಪ್ಲಾನೆಟ್ ಅರ್ತ್' ಎರಡನೆಯ ಸರಣಿಯಲ್ಲಿ ಲಡಾಖಿನದೇ ತಾಯಿ ಹಿಮಚಿರತೆ, ಮರಿ ಬಂದವು. ಇವೆಲ್ಲ ವರ್ಷಗಟ್ಟಲೆ, ತಿಂಗಳುಗಟ್ಟಲೆ ಕಾದು ಪಡೆದದ್ದು. ಆದರೆ ನಮ್ಮ ಮನೆಗೆ ಬರುವುದು ಕಾಯುವಿಕೆಯನ್ನೆಲ್ಲ ಕತ್ತರಿಸಿ ಎಸೆದ ನಿಮಿಷಗಳು. ಬಾರಿ ಬಾರಿ ಅದನ್ನೇ ನೋಡಿದವರಿಗೆ ಪ್ರಾಣಿ ಎಂದರೆ ಕೇಳಿದಾಗ ಬರಬೇಕಾದದ್ದು ಎನ್ನಿಸುತ್ತದೆ, ಹೋಟೆಲಿನ ದೋಸೆಯ ಹಾಗೆ.

ಬರದಿದ್ದರೆ? ಆಗ ಬರಿಸುತ್ತಾರೆ. 1958ರಲ್ಲಿ ಡಿಸ್ನಿಯವರ 'ವೈಟ್ ವೈಲ್ಡರ್‌ನೆಸ್' ಚಿತ್ರದಲ್ಲಿ ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ಸಾಲಾಗಿ ನೀರಿಗೆ ಹಾರಿ ಪ್ರಾಣ ಬಿಡುವುದನ್ನು ತೋರಿಸಿದರು. ಆಸ್ಕರ್ ಕೂಡ ಬಂತು. ಅವುಗಳನ್ನು ಬೇರೆಡೆಯಿಂದ ತಂದು ಬೇಕೆಂದೇ ಬೀಳಿಸಿದ್ದರೆಂದು 1982ರಲ್ಲಿ ಕೆನಡಾದ ಟಿ.ವಿ. ಬಯಲಿಗೆಳೆಯಿತು. ಅಷ್ಟರಲ್ಲಿ ಲೆಮ್ಮಿಂಗುಗಳು ಆತ್ಮಹತ್ಯೆ ಮಾಡಿಕೊಳ್ಳುತ್ತವೆಂದು ಒಂದು ತಲೆಮಾರೇ ನಂಬಿಬಿಟ್ಟಿತ್ತು. ನಾನೇ ತರಗತಿಯಲ್ಲಿ ಹೇಳಿದ್ದುಂಟು, ಈಗ ನೆನೆದರೆ ನಾಚಿಕೆಯಾಗುತ್ತದೆ. 2011ರ 'ಫ್ರೋಜನ್ ಪ್ಲಾನೆಟ್' ಸರಣಿಯಲ್ಲಿ ಹಿಮಕರಡಿಯ ಮರಿಗಳು ಗುಹೆಯಲ್ಲಿ ಹುಟ್ಟುವ ದೃಶ್ಯ ತೆಗೆದದ್ದು ಯುರೋಪಿನ ಮೃಗಾಲಯದಲ್ಲಿ. ಅದಕ್ಕೆ ಅವರು ಕೊಟ್ಟ ಕಾರಣವನ್ನು ನಾನು ಒಪ್ಪುತ್ತೇನೆ: ನಿಜವಾದ ಗುಹೆಗೆ ಕ್ಯಾಮೆರಾ ಇಟ್ಟರೆ ತಾಯಿಗೂ ಮರಿಗೂ ಅಪಾಯ. ಆದರೆ ಅದನ್ನು ಆ ದೃಶ್ಯದ ಜೊತೆಗೇ ಒಂದು ಮಾತಿನಲ್ಲಿ ಹೇಳಿಬಿಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? 2022ರಲ್ಲಿ ನೇಪಾಳದ ಶಿಖರಗಳ ಮುಂದೆ ನಿಂತ ಹಿಮಚಿರತೆಯ ಫೋಟೋಗಳು ಲೋಕವನ್ನೆಲ್ಲ ಸುತ್ತಿದವು, ಕೊನೆಗೆ ನೋಡಿದರೆ ಕಂಪ್ಯೂಟರಿನಲ್ಲಿ ಜೋಡಿಸಿದ ಚಿತ್ರಗಳು. ಮೋಸ ಮಾಡಿದವರನ್ನು ಬಯ್ಯುವುದು ಸುಲಭ. ಇಂಥ ಚಿತ್ರವೇ ಬೇಕೆಂದು ಕೈಚಾಚಿ ಕೂತವರು ನಾವು ಎಂಬುದನ್ನು ಒಪ್ಪಿಕೊಳ್ಳುವುದೇ ಕಷ್ಟ.

ನನ್ನ ಮಾತಿಗೆ ಎದುರು ಮಾತು ಇದೆ, ನನಗೂ ಗೊತ್ತು. ಚಿತ್ರಗಳಿಂದಲೇ ಅಲ್ಲವೇ ಜನಕ್ಕೆ ಹಿಮಚಿರತೆ ಎಂಬುದೊಂದಿದೆ ಎಂದು ತಿಳಿದದ್ದು? ಹೌದು. ಅದನ್ನು ನೋಡಲು ಬರುವವರಿಂದಲೇ ಅಲ್ಲವೇ ಆ ಹಳ್ಳಿಗಳಿಗೆ ಚಳಿಗಾಲದಲ್ಲೂ ನಾಲ್ಕು ಕಾಸು ಹುಟ್ಟುವುದು? ಅದೂ ಹೌದು. ಹಳ್ಳಿಯ ಮನೆಗಳಲ್ಲೇ ಅತಿಥಿಗಳನ್ನು ಇಟ್ಟುಕೊಳ್ಳುವ ಪದ್ಧತಿಯನ್ನು ಈ ಶತಮಾನದ ಆರಂಭದಲ್ಲಿ ಅಲ್ಲಿ ಬೆಳೆಸಿದವರಲ್ಲಿ ಮುಖ್ಯರು ರಿಂಚೆನ್ ವಾಂಗ್‌ಚುಕ್ ಎಂಬ ಲಡಾಖಿ ಪರ್ವತಾರೋಹಿ. 2011ರಲ್ಲಿ ಅವರು ತೀರಿಕೊಂಡರು. ಕೊಲ್ಲಬೇಡಿ ಎಂದು ಉಪದೇಶ ಮಾಡಿದರೆ ಸಾಲದು, ಬದುಕಿದ ಹಿಮಚಿರತೆಯಿಂದ ಮನೆಯ ಹೆಂಗಸಿನ ಕೈಗೆ ದುಡ್ಡು ಬರಬೇಕು, ಕೊಟ್ಟಿಗೆಯ ಕಿಂಡಿಗೆ ಗಟ್ಟಿ ಜಾಲರಿ ಬರಬೇಕು ಎಂಬುದು ಆ ಕೆಲಸದ ತಿರುಳು. ಆಮಾ-ಲೇಯ ಕೊಟ್ಟಿಗೆಗೂ ಈಗ ಜಾಲರಿ ಇದೆ. ನಾನು ಕೊಟ್ಟ ದುಡ್ಡನ್ನು ಆಮಾ-ಲೇಯೇ ಎಣಿಸಿ, ಒಳಗಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಮಗನ ಕೈಗೆ ಕೊಡಲಿಲ್ಲ. ಅದು ನನಗೆ ಬಹಳ ಸಂತೋಷ ಕೊಟ್ಟ ದೃಶ್ಯ.

ಆದ್ದರಿಂದಲೇ ನನ್ನ ಸಿಟ್ಟು ಹೆಚ್ಚು. ಹಿಮಚಿರತೆ ಉಳಿದಿದ್ದರೆ ಅದು ಮನುಷ್ಯನ ಸುಳಿವಿಲ್ಲದ ಕಾಡಿನಿಂದಲ್ಲ. ಬಾಗಿಲು ತೆರೆದು ಪಕ್ಕಕ್ಕೆ ನಿಂತವರಿಂದ. 2024ರ ಜನವರಿ 30ರಂದು ಕೇಂದ್ರ ಸರ್ಕಾರ ಮೊದಲ ಸಲ ದೇಶದ ಹಿಮಚಿರತೆಗಳ ಲೆಕ್ಕ ಪ್ರಕಟಿಸಿತು: ಒಟ್ಟು 718, ಅದರಲ್ಲಿ 477 ಲಡಾಖಿನಲ್ಲೇ. ಮೂರರಲ್ಲಿ ಎರಡು ಪಾಲು. ಕುರಿ ಮೇಕೆ ಕಟ್ಟಿಕೊಂಡು ಬದುಕುವ ಊರುಗಳ ನಡುವೆಯೇ ಅವು ಇರುವುದು. ಈ ಊರುಗಳನ್ನು ಕತ್ತರಿಸಿ ಹಾಕಿ ಬರೀ ಪ್ರಾಣಿಯನ್ನು ತೋರಿಸಿದರೆ ನೋಡಿದವರು ಏನು ಕಲಿತಾರು? ಕಾಡು ಖಾಲಿ ಇರಬೇಕು, ಅಲ್ಲಿರುವ ಮನುಷ್ಯರು ಅಡ್ಡಿ ಎಂದು ಕಲಿಯುತ್ತಾರೆ. ಆಮೇಲೆ ಅಲ್ಲಿಗೆ ಬಂದು, ಹಣ ಕೊಟ್ಟಿದ್ದೇವೆ ಪ್ರಾಣಿ ತೋರಿಸಿ ಎಂದು ಹಟ ಹಿಡಿಯುತ್ತಾರೆ. ನಾನಿದ್ದಾಗಲೇ ಒಬ್ಬ ಮಹನೀಯರು, ಎಲ್ಲಿಯವರೋ ಬೇಡ, ಮೂರು ದಿನಕ್ಕೆ ಸಿಟ್ಟಾಗಿ ಆ ದೂರದರ್ಶಕದ ಹುಡುಗನ ಮೇಲೆ ಕೂಗಾಡಿದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ, ತಾನೇ ಬಚ್ಚಿಟ್ಟವನ ಹಾಗೆ.

ಬೇರೆ ರೀತಿಯಲ್ಲಿ ನೋಡುವುದು ಸಾಧ್ಯ. ಹಿಮಾಚಲದ ಸ್ಪಿತಿ ಕಣಿವೆಯ ಕಿಬ್ಬರ್ ಎಂಬ ಹಳ್ಳಿಯಲ್ಲಿ ಸುಮಾರು ಒಂದು ಡಜನ್ ಹೆಂಗಸರು ಹಿಮಚಿರತೆಯ ಕ್ಯಾಮೆರಾ ಕೆಲಸ ಕಲಿತಿದ್ದಾರೆ. ಬೆಳಿಗ್ಗೆ ಮನೆಗೆಲಸ ಮುಗಿಸಿ, ಹಿಮದಲ್ಲಿ ಏರಿ, ಕ್ಯಾಮೆರಾ ಇಟ್ಟು, ಬಂದ ಚಿತ್ರಗಳಲ್ಲಿ ಮೈಮೇಲಿನ ಉಂಗುರಗಳನ್ನು ಹೋಲಿಸಿ ಇದು ಯಾವ ಪ್ರಾಣಿ ಎಂದು ಕಂಪ್ಯೂಟರಿನಲ್ಲಿ ಗುರುತು ಮಾಡುತ್ತಾರೆ. ಮನುಷ್ಯರ ಬೆರಳಚ್ಚಿನ ಹಾಗೆ ಒಂದರ ಉಂಗುರ ಇನ್ನೊಂದಕ್ಕಿಲ್ಲ. 2025ರಲ್ಲಿ ಪ್ರಕಟವಾದ ಹಿಮಾಚಲದ ಎಣಿಕೆಯಲ್ಲಿ 83 ಹಿಮಚಿರತೆಗಳ ಲೆಕ್ಕ ಸಿಕ್ಕಿತು, ಅದರಲ್ಲಿ ಈ ಹೆಂಗಸರ ದುಡಿಮೆಯೂ ಸೇರಿದೆ. ಇವರ ಜೊತೆ ಕೆಲಸ ಮಾಡುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯ ನೆಲೆ ಇರುವುದು ನಮ್ಮ ಮೈಸೂರಿನಲ್ಲೇ. ಕಿಬ್ಬರ್‌ನಲ್ಲಿ ಜಾನುವಾರು ಕಳೆದುಕೊಂಡವರಿಗೆ ಊರವರೇ ನಡೆಸುವ ವಿಮೆಯನ್ನು ಅವರು 2002ರಲ್ಲೇ ಆರಂಭಿಸಿದ್ದರು. ಇದನ್ನು ತಿಳಿದಾಗ ಮಗಳಿಗೆ ಹೇಳಿದೆ: ನೋಡು, ಅಡಿಗೆಮನೆಯಿಂದ ಎದ್ದು ಹೋದವರೇ ಕ್ಯಾಮೆರಾ ಹಿಡಿದರೆ ಅಡಿಗೆಮನೆಯನ್ನು ಕತ್ತರಿಸುವುದಿಲ್ಲ.

ಹಾಗಾದರೆ ಏನು ಮಾಡಬೇಕು ಎನ್ನುತ್ತೀರಾ? ಚಿತ್ರ ತೆಗೆಯುವವರಿಗೆ ನನ್ನದು ಮೂರೇ ಬೇಡಿಕೆ. ಕಾದ ದಿನ ಎಷ್ಟು, ಕಂಡ ನಿಮಿಷ ಎಷ್ಟು ಎಂದು ಚಿತ್ರದೊಳಗೇ ಹೇಳಿ. ಹುಡುಕಿಕೊಟ್ಟವರ, ಅನ್ನ ಹಾಕಿದವರ ಮುಖ ತೋರಿಸಿ, ಹೆಸರು ಓದುವಷ್ಟು ಹೊತ್ತು ನಿಲ್ಲಿಸಿ. ಆ ಪ್ರಾಣಿ ಬದುಕಿರಲು ಯಾರು ಏನು ಕಳೆದುಕೊಂಡರು ಎಂದು ಒಂದು ನಿಮಿಷವಾದರೂ ಹೇಳಿ. ಹನ್ನೆರಡು ನಿಮಿಷದಲ್ಲಿ ಒಂದು ನಿಮಿಷ ಕೊಟ್ಟರೆ ಹಿಮಚಿರತೆಯ ಸೌಂದರ್ಯವೇನೂ ಸವೆಯುವುದಿಲ್ಲ.

ನಮಗೂ ಒಂದು ಕೆಲಸ ಇದೆ. ಮನೆಯಲ್ಲಿ ಮಕ್ಕಳ ಜೊತೆ ಇಂಥ ಚಿತ್ರ ನೋಡುವಾಗ ಸುಮ್ಮನೆ ಬಾಯಿಬಿಟ್ಟು ಕೂರಬೇಡಿ. ಇದನ್ನು ತೆಗೆದವರು ಎಲ್ಲಿ ನಿಂತಿದ್ದರು, ಎಷ್ಟು ದಿನ ನಿಂತಿದ್ದರು, ರಾತ್ರಿ ಯಾರ ಮನೆಯಲ್ಲಿ ಉಂಡರು ಎಂದು ಮಕ್ಕಳನ್ನು ಕೇಳಿ. ನಾನು ಈಗ ಎಂಟನೆಯ ತರಗತಿಯಲ್ಲಿ ಹಾಗೇ ಕೇಳುತ್ತೇನೆ. ಕಳೆದ ವರ್ಷ ಒಬ್ಬಳು ಹುಡುಗಿ ಎದ್ದು ನಿಂತು, "ಮಿಸ್, ಆ ಕುರಿ ಯಾರದ್ದು?" ಎಂದಳು. ತೆರೆಯ ಮೇಲೆ ಹಿಮಚಿರತೆ ಕುರಿಯೊಂದನ್ನು ಹಿಡಿದಿತ್ತು. ಉಳಿದ ಮೂವತ್ತು ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದರು. ಅದು ಕಾಡಿನದೇ ನೀಲಿಕುರಿ, ಯಾರದ್ದೂ ಅಲ್ಲ. ಆದರೂ ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಅವಳ ಮನೆಯಲ್ಲಿ ಕುರಿ ಸಾಕುತ್ತಾರೆ.

ಮಗಳು ಮತ್ತೆ ಲಡಾಖಿಗೆ ಹೋಗಿ ಬಂದಳು. ಆಮಾ-ಲೇಗೆ ಎಂದು ನಾನು ಒಂದು ಕಿಲೋ ಕಾಫಿ ಪುಡಿ, ಒಂದು ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿ ಕೊಟ್ಟು ಕಳಿಸಿದ್ದೆ. ಅವರು ಒಣ ಏಪ್ರಿಕಾಟ್ ಕಟ್ಟಿಕೊಟ್ಟಿದ್ದರು. ಈ ಸಲ ಮಗಳು ಚಿತ್ರ ಏನೂ ತೋರಿಸಲಿಲ್ಲ, ಫೋನಿನಲ್ಲಿ ತಾನೇ ತೆಗೆದ ಎರಡು ನಿಮಿಷದ ವಿಡಿಯೋ ತೋರಿಸಿದಳು. ಆಮಾ-ಲೇ ಕೊಟ್ಟಿಗೆಯ ಬಾಗಿಲು ತೆಗೆದು ಒಂದೊಂದೇ ಕುರಿಯನ್ನು ಕೈಯಿಂದ ಮುಟ್ಟಿ ಎಣಿಸಿ ಹೊರಗೆ ಬಿಡುತ್ತಿದ್ದಾರೆ, ಮೇಲೆ ಜಾಲರಿಯಿಂದ ಬೆಳಕು ಬೀಳುತ್ತಿದೆ. ನಾದಿನಿ ಬಂದಾಗ ಅದನ್ನೇ ತೋರಿಸಿದೆ. ಪೂರ್ತಿ ನೋಡಿದಳು. ನೋಡಿ, "ಚಿರತೆ ಎಲ್ಲಿ ಅತ್ತಿಗೆ?" ಎಂದಳು.

"ಕೂತ್ಕೋ, ಕಾಫಿ ಮಾಡ್ತೀನಿ, ಹೇಳ್ತೀನಿ" ಎಂದೆ.